ಮೊದಲನೆಯದು ಸಿಸೇರಿಯನ್, ಎರಡನೆಯದು ನಾರ್ಮಲ್ ಆದೀತೇ? ಲೆಕ್ಕ ಹಾಕುವ ಬಗೆ

ತಂಗಿಯ ಹಳೇ ಫೈಲು ಕಡೆಗೂ ಸಿಕ್ಕಿದ್ದು ದಾವಣಗೆರೆಯಲ್ಲಿ, ಅಮ್ಮನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಅಡಿ, ಮನೆಪತ್ರದ ಜೊತೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಿತ್ತು. ಬಾಣಂತನ ಮುಗಿಸಿ ಮಗು ಎತ್ತಿಕೊಂಡು ಬೆಂಗಳೂರಿಗೆ ಹೋದಳು, ಫೈಲು ಇಲ್ಲೇ ಉಳಿಯಿತು. ಮೂರು ವರ್ಷ ಯಾರಿಗೂ ಅದರ ನೆನಪಿಲ್ಲ. ಎರಡನೆಯದಕ್ಕೆ ಐದು ತಿಂಗಳು ತುಂಬಿದಾಗ "ಈ ಸಲ ನಾರ್ಮಲ್ ಆಗಬಹುದಾ ಡಾಕ್ಟ್ರೇ?" ಅಂತ ಇವಳು ಕೇಳಿದಳು. "ಹೋದ ಸಲ ಯಾಕೆ ಆಪರೇಷನ್ ಮಾಡಿದ್ರು?" ಅಂತ ಅವರು ಕೇಳಿದರು. "ಜಾಗ ಸಾಲಲಿಲ್ಲ ಅಂದ್ರು."

"ಅದು ಅಂದಿದ್ದಮ್ಮ. ಬರೆದಿದ್ದು ಏನು?"

ಅಲ್ಲಿಂದ ಶುರುವಾಯಿತು ನನ್ನ ಓದು. ಸಿಸೇರಿಯನ್ ಆದವರಿಗೆ ಮುಂದಿನ ಹೆರಿಗೆ ಸಹಜವಾಗಿ ಆಗುವುದಕ್ಕೆ ಆಸ್ಪತ್ರೆ ಭಾಷೆಯಲ್ಲಿ ವಿಬ್ಯಾಕ್ ಅನ್ನುತ್ತಾರೆ. ಅದಕ್ಕಾಗಿ ನೋವು ಬರುವ ತನಕ ಕಾದು ಪ್ರಯತ್ನಿಸುವುದಕ್ಕೆ ಟೋಲ್ಯಾಕ್. ಪ್ರಯತ್ನ ಫಲಿಸುವ ಸಾಧ್ಯತೆ ಎಷ್ಟು ಎಂದು ಅಂದಾಜಿಸಲು ವೈದ್ಯರ ಬಳಿ ಲೆಕ್ಕಗಳಿವೆ. ಆ ಲೆಕ್ಕ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಐದನೇ ತಿಂಗಳಲ್ಲಿ ಒಂದು ಉತ್ತರ, 36ನೇ ವಾರದಲ್ಲಿ ಇನ್ನೊಂದು, ಲೇಬರ್ ವಾರ್ಡಿನ ಮಂಚದ ಮೇಲೆ ಮತ್ತೊಂದು. ಕೆಳಗಿರುವುದು ಆ ಲೆಕ್ಕವನ್ನು ನಿಮ್ಮ ವೈದ್ಯರ ಜೊತೆ ಕೂತು ಹಾಕುವ ದಾರಿ. ಅವರನ್ನು ಬಿಟ್ಟು ಹಾಕುವ ದಾರಿ ಅಲ್ಲ.

ಮೊದಲು ಹಳೇ ಕಾಗದ ಹುಡುಕಿ

ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ಅದರಲ್ಲಿ ಸಾಮಾನ್ಯವಾಗಿ "ಎಲ್‌ಎಸ್‌ಸಿಎಸ್" ಎಂಬ ನಾಲ್ಕಕ್ಷರವೂ ಒಂದು ಕಾರಣವೂ ಇರುತ್ತದೆ, ಅಷ್ಟೇ. ಬೇಕಾದದ್ದು ಆಪರೇಷನ್ ನೋಟ್. ಅದು ಮನೆಯಲ್ಲಿಲ್ಲದಿದ್ದರೆ ಆಗ ಹೆರಿಗೆ ಮಾಡಿಸಿದ ಆಸ್ಪತ್ರೆಗೆ ಹೋಗಿ ಅರ್ಜಿ ಕೊಟ್ಟು ಪ್ರತಿ ಕೇಳಿ. ವರ್ಷಗಳಾದರೆ ದಾಖಲೆ ಸಿಗುವುದು ಕಷ್ಟವಾಗುತ್ತದೆ, ಆದ್ದರಿಂದ ಏಳನೇ ತಿಂಗಳವರೆಗೆ ಕಾಯಬೇಡಿ. ಕಾಗದ ಕೈಗೆ ಬಂದ ಮೇಲೆ ನಾಲ್ಕು ವಿಷಯ ಹುಡುಕಿ.

ಒಂದು, ಗರ್ಭಕೋಶವನ್ನು ಹೇಗೆ ಕೊಯ್ದಿದ್ದಾರೆ. ಎಲ್‌ಎಸ್‌ಸಿಎಸ್ ಅಂದರೆ ಗರ್ಭಕೋಶದ ಕೆಳಭಾಗದಲ್ಲಿ ಮಾಡುವ ಆಪರೇಷನ್, ಅಲ್ಲಿ ಸಾಮಾನ್ಯವಾಗಿ ಕೊಯ್ಯುವುದು ಅಡ್ಡಡ್ಡಲಾಗಿ. ಇದು ರೂಢಿಗೆ ಬಂದದ್ದು 1920ರ ದಶಕದಲ್ಲಿ, ಗ್ಲಾಸ್ಗೋದ ವೈದ್ಯ ಮನ್ರೊ ಕೆರ್ ಪಟ್ಟು ಹಿಡಿದು ಅದನ್ನು ಪ್ರಚಾರ ಮಾಡಿದ ಮೇಲೆ. ಅದಕ್ಕೆ ಮುಂಚೆ ಮೇಲಿಂದ ಕೆಳಕ್ಕೆ ಉದ್ದಕ್ಕೆ ಕೊಯ್ಯುತ್ತಿದ್ದರು. ಇದಕ್ಕೆ ಕ್ಲಾಸಿಕಲ್ ಎಂದು ಹೆಸರು, ಈಗಲೂ ಕೆಲವೊಮ್ಮೆ ಬೇಕಾಗುತ್ತದೆ, ಮುಖ್ಯವಾಗಿ ಮಗು ತೀರ ಮುಂಚೆ, ಆರೇಳು ತಿಂಗಳಿಗೇ ಹುಟ್ಟುವಾಗ. ಒಂದು ಮಾತು ನೆನಪಿಡಿ: ಹೊಟ್ಟೆಯ ಮೇಲೆ ಕಾಣುವ ಗೆರೆ ನೋಡಿ ಒಳಗಿನ ಗೆರೆ ಹೇಳಲಾಗದು. ಹೊರಗೆ ಅಡ್ಡ ಇದ್ದು ಒಳಗೆ ಉದ್ದ ಇರಬಹುದು.

ಎರಡು, ಕಾರಣ. ಮೂರು, ಆಪರೇಷನ್ ಮಾಡುವ ಹೊತ್ತಿಗೆ ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿತ್ತು, ನೋವು ತಾನಾಗಿ ಬಂದಿತ್ತೋ ಬರಿಸಿದ್ದೋ. ನಾಲ್ಕು, ಆಮೇಲೆ ಜ್ವರ, ಸೋಂಕು, ಕೊಯ್ತ ಪಕ್ಕಕ್ಕೆ ಹರಿದದ್ದು ಮುಂತಾದ ತೊಂದರೆ ಆಗಿತ್ತೇ.

ತಂಗಿಯ ಸಮ್ಮರಿಯಲ್ಲಿ ಕಾರಣದ ಮುಂದೆ "ಎನ್‌ಪಿಒಎಲ್" ಎಂದಿತ್ತು, ಹೆರಿಗೆ ಮುಂದುವರಿಯಲಿಲ್ಲ ಎಂದರ್ಥ. ಒಳಗಿನ ಹಾಳೆಯಲ್ಲಿ, ನರ್ಸ್ ಒಬ್ಬರ ಗುಂಡು ಅಕ್ಷರದಲ್ಲಿ, ಬೇರೆಯೇ ಕಥೆ: ನೋವು ಬರಿಸಿದ್ದು ಬೆಳಿಗ್ಗೆ, ಆಪರೇಷನ್‌ಗೆ ಕರೆದೊಯ್ದದ್ದು ಅದೇ ಸಂಜೆ, ಬಾಯಿ ತೆರೆದದ್ದು ಮೂರು ಸೆಂಟಿಮೀಟರ್. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಹೆರಿಗೆಯ ಚುರುಕಿನ ಹಂತ ಶುರುವಾಗುವುದೇ ಐದು ಸೆಂಟಿಮೀಟರಿಗೆ. ಅಂದರೆ "ಜಾಗ ಸಾಲದು" ಎಂದು ತೀರ್ಮಾನಿಸುವ ಹಂತವನ್ನು ಇವಳು ಮುಟ್ಟಿಯೇ ಇರಲಿಲ್ಲ. ಮೂರು ವರ್ಷ ಮನೆಯವರೆಲ್ಲ ಅವಳ ಸೊಂಟವನ್ನು ದೂರಿದ್ದೆವು. ನಾನೂ ಸೇರಿ.

ಕಾಗದ ಸಿಗದೇ ಹೋದರೆ? ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ತಿಂಗಳು ತುಂಬಿ ಮಾಮೂಲಿ ಕಾರಣಕ್ಕೆ ಆದ ಆಪರೇಷನ್ ಆಗಿದ್ದರೆ ಅದು ಅಡ್ಡಕೊಯ್ತವೇ ಆಗಿರುವ ಸಂಭವ ಹೆಚ್ಚು. ಮಗು ಎಷ್ಟು ವಾರಕ್ಕೆ ಹುಟ್ಟಿತು, ಎಷ್ಟು ತೂಕ, ಯಾಕೆ ಆಪರೇಷನ್ ಎಂಬುದನ್ನು ಅಮ್ಮ, ಅತ್ತೆ, ಗಂಡ, ಯಾರಿಗೆ ನೆನಪಿದೆಯೋ ಅವರಿಂದ ಕೇಳಿ ಬರೆದುಕೊಂಡು ವೈದ್ಯರಿಗೆ ಕೊಡಿ.

ಪ್ರಯತ್ನವೇ ಬೇಡ ಎನ್ನುವ ಸಂದರ್ಭಗಳು

ಇಲ್ಲಿ ಲೆಕ್ಕವಿಲ್ಲ. ಕ್ಲಾಸಿಕಲ್ ಅಥವಾ ಟಿ ಆಕಾರದ ಕೊಯ್ತ, ಹಿಂದೆ ಒಮ್ಮೆ ಗರ್ಭಕೋಶ ಹರಿದದ್ದು, ಈ ಸಲ ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿರುವುದು. ಇವುಗಳಲ್ಲಿ ಒಂದಿದ್ದರೂ ದಿನ ಗೊತ್ತುಮಾಡಿ ಆಪರೇಷನ್ ಮಾಡಿಸಿಕೊಳ್ಳುವುದೇ ದಾರಿ. ಗರ್ಭಕೋಶದ ಗಡ್ಡೆ ತೆಗೆಸಿಕೊಂಡವರು ಆ ಆಪರೇಷನ್ನಿನ ಕಾಗದವನ್ನೂ ತೋರಿಸಬೇಕು.

ಈಗ ಬುಡದ ಅಂಕಿ

1916ರಲ್ಲಿ ನ್ಯೂಯಾರ್ಕಿನ ವೈದ್ಯ ಎಡ್ವಿನ್ ಕ್ರಾಗಿನ್ "ಒಮ್ಮೆ ಸಿಸೇರಿಯನ್ ಆದರೆ ಯಾವಾಗಲೂ ಸಿಸೇರಿಯನ್" ಎಂದು ಬರೆದರು. ಉದ್ದಕೊಯ್ತದ ಕಾಲದ ಮಾತು ಅದು. ನಮ್ಮ ಕಡೆ ಇದನ್ನು ಇವತ್ತಿಗೂ ನಾಮಕರಣದ ಊಟದ ಪಂಕ್ತಿಯಲ್ಲಿ ಕೇಳಬಹುದು, ಹೇಳುವವರಿಗೆ ಕ್ರಾಗಿನ್ ಯಾರೆಂದು ಗೊತ್ತಿಲ್ಲದಿದ್ದರೂ.

ಅಮೆರಿಕದಲ್ಲಿ ಮಾರ್ಕ್ ಲ್ಯಾಂಡನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ 17,898 ಹೆಂಗಸರು ಸಿಸೇರಿಯನ್ ಆದ ಮೇಲೆ ಸಹಜ ಹೆರಿಗೆಗೆ ಪ್ರಯತ್ನಿಸಿದ್ದರು. ಶೇ. 73.4ರಷ್ಟು ಜನರಿಗೆ ಅದು ಕೈಗೂಡಿತು. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2015ರ ಮಾರ್ಗಸೂಚಿಯಲ್ಲಿ ಕೊಡುವ ಅಂಕಿಯೂ ಹತ್ತಿರ ಹತ್ತಿರ ಅಷ್ಟೇ, 72ರಿಂದ 75. ಇದು ನಿಮ್ಮ ಬುಡದ ಅಂಕಿ. ನಿಮ್ಮ ವಿವರ ಸೇರಿಸುತ್ತ ಹೋದಂತೆ ಇದು ಏರುತ್ತದೆ ಅಥವಾ ಇಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಏರಿಸುವುದು ಹಿಂದೆ ಒಮ್ಮೆಯಾದರೂ ಸಹಜ ಹೆರಿಗೆ ಆಗಿರುವುದು. ಆಗ ಅಂಕಿ 85ರಿಂದ 90. ನನ್ನ ಓರಗಿತ್ತಿಗೆ ಮೊದಲನೆಯದು ನಾರ್ಮಲ್, ಎರಡನೆಯದು ಮಗು ಕಾಲು ಕೆಳಗೆ ಮಾಡಿ ಕೂತಿದ್ದರಿಂದ ಆಪರೇಷನ್, ಮೂರನೆಯದು ಮತ್ತೆ ನಾರ್ಮಲ್. ಆಸ್ಪತ್ರೆ ಸೇರಿ ನಾಲ್ಕು ಗಂಟೆಯೊಳಗೆ ಮುಗಿಯಿತು, ಬುತ್ತಿ ಕಟ್ಟಿಕೊಂಡು ಹೋದ ನಾವು ಅದನ್ನು ಮನೆಗೇ ವಾಪಸ್ ತಂದೆವು.

ಎರಡನೆಯದು, ಹಳೇ ಆಪರೇಷನ್ನಿನ ಕಾರಣ. ಬ್ರಿಟನ್ನಿನ ಅದೇ ಮಾರ್ಗಸೂಚಿ ಹೇಳುವಂತೆ, ಮಗು ಅಡ್ಡವಾಗಿದ್ದು ಅಥವಾ ತಲೆ ಕೆಳಗೆ ಬಾರದೆ ಇದ್ದುದರಿಂದ ಆಪರೇಷನ್ ಆದವರಲ್ಲಿ ಶೇ. 84 ಜನಕ್ಕೆ ಮುಂದಿನದು ಸಹಜವಾಗುತ್ತದೆ. ಮಗುವಿನ ಎದೆಬಡಿತ ಏರುಪೇರಾಗಿ ಆದವರಲ್ಲಿ 73. ಹೆರಿಗೆ ಮುಂದುವರಿಯದೆ ಆದವರಲ್ಲಿ 64. ಗಮನಿಸಿ: "ಜಾಗ ಸಾಲದು" ಗುಂಪಿನಲ್ಲೂ ಅರ್ಧಕ್ಕಿಂತ ಹೆಚ್ಚು.

ಇಳಿಸುವವು: ವಯಸ್ಸು, ಎತ್ತರಕ್ಕೆ ಮೀರಿದ ತೂಕ, ಗಿಡ್ಡ ನಿಲುವು, ನಾಲ್ಕು ಕೆಜಿ ಮೀರಿದ ಮಗು, ನೋವು ಬರಿಸಬೇಕಾಗಿ ಬರುವುದು. ಹಿಂದೆ ಸಹಜ ಹೆರಿಗೆ ಇಲ್ಲದೆ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 30 ದಾಟಿ, ಹೋದ ಸಲದ್ದು ಮುಂದುವರಿಯದೆ ನಿಂತು, ಈ ಸಲ ನೋವೂ ಬರಿಸಿದ್ದಾದರೆ, ನಾಲ್ಕೂ ಕೂಡಿದಾಗ ಅಂಕಿ 40ಕ್ಕೆ ಬರುತ್ತದೆ.

ಎರಡು ಸಿಸೇರಿಯನ್ ಆದವರೂ ಕೇಳಬಹುದು. ಪ್ರಯತ್ನಿಸಿದವರಲ್ಲಿ ಸುಮಾರು ಶೇ. 71 ಜನಕ್ಕೆ ಕೈಗೂಡಿದ ವರದಿಗಳಿವೆ, ಆದರೆ ಅಪಾಯದ ಅಂಕಿಯೂ ಜೊತೆಗೇ ಏರುತ್ತದೆ. ಅದನ್ನು ಒಪ್ಪಿಕೊಂಡು ನೋಡಿಕೊಳ್ಳುವ ಆಸ್ಪತ್ರೆಗಳು ಕಡಿಮೆ.

ಕ್ಯಾಲ್ಕುಲೇಟರನ್ನು ನಂಬಬೇಕಾದಷ್ಟೇ ನಂಬಿ

ಅಂತರ್ಜಾಲದಲ್ಲಿ ಸಿಗುವ ವಿಬ್ಯಾಕ್ ಕ್ಯಾಲ್ಕುಲೇಟರುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ವಿಲಿಯಂ ಗ್ರೋಬ್‌ಮನ್ ಮತ್ತು ಸಂಗಡಿಗರು ಅಮೆರಿಕದ ಹೆಂಗಸರ ದಾಖಲೆಗಳಿಂದ 2007ರಲ್ಲಿ ಕಟ್ಟಿದ್ದು. ಮೊದಲ ಆವೃತ್ತಿ ನಿಮ್ಮ ಜನಾಂಗ ಯಾವುದು ಎಂದು ಕೇಳುತ್ತಿತ್ತು. ಕರಿಯರು ಅಥವಾ ಲ್ಯಾಟಿನ್ ಅಮೆರಿಕ ಮೂಲದವರು ಅಂದ ಕೂಡಲೇ ಅಂಕಿ ಕೆಳಗಿಳಿಸುತ್ತಿತ್ತು. ಜನಾಂಗ ಹೆರಿಗೆಯನ್ನು ತಡೆಯುವುದಿಲ್ಲ, ಆ ಹೆಂಗಸರಿಗೆ ಸಿಕ್ಕ ಆರೈಕೆಯ ಕೊರತೆಯನ್ನು ಕ್ಯಾಲ್ಕುಲೇಟರ್ ಅವರ ಮೈಗೆ ಅಂಟಿಸುತ್ತಿದೆ ಎಂದು ಟೀಕೆ ಬಂತು. 2021ರ ಹೊಸ ಆವೃತ್ತಿಯಲ್ಲಿ ಆ ಪ್ರಶ್ನೆ ಇಲ್ಲ. ಈಗ ಕೇಳುವುದು ವಯಸ್ಸು, ಎತ್ತರ, ಬಸಿರಿಗೆ ಮುಂಚಿನ ತೂಕ, ಹಿಂದಿನ ಸಹಜ ಹೆರಿಗೆಗಳು, ಹಳೇ ಆಪರೇಷನ್ ಹೆರಿಗೆ ಮುಂದುವರಿಯದ್ದಕ್ಕೆ ಆದದ್ದೇ, ಮೊದಲಿನಿಂದಲೂ ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂಬುದನ್ನು. ಅದನ್ನೇ ಬಳಸಿ. ಜನಾಂಗ ಕೇಳುವ ಹಳೆಯದು ಕಣ್ಣಿಗೆ ಬಿದ್ದರೆ ಮುಚ್ಚಿಬಿಡಿ.

ತೂಕ ಹಾಕುವಾಗ ಈಗಿನದನ್ನಲ್ಲ, ಬಸಿರಿಗೆ ಮುಂಚಿನದನ್ನು ಹಾಕಬೇಕು. ತಾಯಿ ಕಾರ್ಡಿನಲ್ಲಿ ಮೊದಲ ಭೇಟಿಯ ತೂಕ ಇರುತ್ತದೆ, ಮೂರು ತಿಂಗಳೊಳಗಿನದಾದರೆ ಹತ್ತಿರದ ಅಂದಾಜಿಗೆ ಅದು ಸಾಕು. ಎತ್ತರವನ್ನು ಅಂದಾಜಿನಲ್ಲಿ ಹೇಳಬೇಡಿ, ಗೋಡೆಗೆ ನಿಂತು ಅಳೆಯಿರಿ.

ಬರುವ ಅಂಕಿಯನ್ನು ಹೇಗೆ ಓದುವುದು? 68 ಬಂದರೆ, ನಿಮ್ಮಂಥ ನೂರು ಹೆಂಗಸರಲ್ಲಿ 68 ಜನಕ್ಕೆ ಸಹಜ ಹೆರಿಗೆ ಆಗಿದೆ ಎಂದರ್ಥ. ನೀವು ಆ 68ರಲ್ಲಿದ್ದೀರೋ ಉಳಿದ 32ರಲ್ಲೋ ಅದಕ್ಕೆ ಗೊತ್ತಿಲ್ಲ. ಅದು ಹೇಳುವ "ನಿಮ್ಮಂಥವರು" ಕೂಡ ಅಮೆರಿಕದ ಆಸ್ಪತ್ರೆಯಲ್ಲಿ ಹೆತ್ತವರು, ನಮ್ಮವರಲ್ಲ. 60–70 ಅಥವಾ ಅದಕ್ಕಿಂತ ಮೇಲಿದ್ದರೆ, ಪ್ರಯತ್ನಿಸಿದವರಿಗೆ ಒಟ್ಟಾರೆ ಆಗುವ ತೊಂದರೆ ಮತ್ತೊಂದು ಆಪರೇಷನ್‌ಗೆ ನೇರವಾಗಿ ಹೋದವರಷ್ಟೇ ಅಥವಾ ಕಡಿಮೆ ಎನ್ನುತ್ತದೆ ಅಮೆರಿಕದ ಪ್ರಸೂತಿ ತಜ್ಞರ ಸಂಘ. ಅದಕ್ಕಿಂತ ಕೆಳಗಿದ್ದರೆ ಯಾರೂ ನಿಮ್ಮನ್ನು ತಡೆಯಬೇಕೆಂದಲ್ಲ, ಇನ್ನಷ್ಟು ಕೂತು ಮಾತಾಡಬೇಕು.

ತಕ್ಕಡಿಯ ಇನ್ನೊಂದು ತಟ್ಟೆ

ಕೈಗೂಡುವ ಸಾಧ್ಯತೆ ಬೇರೆ, ಕೈಗೂಡದಿದ್ದರೆ ಏನಾಗುತ್ತದೆ ಎಂಬುದು ಬೇರೆ. ಎರಡನ್ನೂ ಕಲಸಿ ಮಾತಾಡುವವರೇ ಹೆಚ್ಚು.

ಎಲ್ಲರೂ ಹೆದರುವುದು ಗರ್ಭಕೋಶದ ಹಳೇ ಹೊಲಿಗೆ ಬಿಟ್ಟುಕೊಳ್ಳುವುದಕ್ಕೆ. ಒಂದು ಅಡ್ಡಕೊಯ್ತ ಆಗಿ, ನೋವು ತಾನಾಗಿ ಬಂದವರಲ್ಲಿ ಇದು ಸುಮಾರು 200ಕ್ಕೆ ಒಬ್ಬರಿಗೆ. ಲ್ಯಾಂಡನ್ ಅಧ್ಯಯನದಲ್ಲಿ ನೋವು ಬರಿಸಿದವರೂ ಸೇರಿ ಶೇ. 0.7. ಅಪರೂಪ ನಿಜ, ಆದರೆ ಆದಾಗ ನಿಮಿಷಗಳ ಲೆಕ್ಕ: ಮಗುವಿಗೆ ಆಮ್ಲಜನಕ ನಿಲ್ಲುತ್ತದೆ, ತಾಯಿಗೆ ರಕ್ತಸ್ರಾವ. ಪ್ರಯತ್ನಿಸಿ ಕೊನೆಗೆ ತುರ್ತು ಆಪರೇಷನ್ ಆದವರಿಗೆ, ಮೊದಲೇ ದಿನ ಗೊತ್ತುಮಾಡಿ ಮಾಡಿಸಿಕೊಂಡವರಿಗಿಂತ ಸೋಂಕು, ರಕ್ತಸ್ರಾವ ಹೆಚ್ಚು ಎಂಬುದೂ ನಿಜ.

ಹಾಗೆಂದು ಆಪರೇಷನ್ ಮೇಲೆ ಆಪರೇಷನ್ ಪುಕ್ಕಟೆಯಲ್ಲ. ಪ್ರತಿ ಸಿಸೇರಿಯನ್ ನಂತರ, ಮುಂದಿನ ಬಸಿರಿನಲ್ಲಿ ಮಾಸು ಹಳೇ ಗಾಯಕ್ಕೆ ಬೇರೂರಿ ಕೂರುವ ಅಪಾಯ ಏರುತ್ತದೆ. ಮಾಸು ಕೆಳಗೆ ಕೂತಿರುವವರಲ್ಲಿ ಎರಡನೇ ಸಿಸೇರಿಯನ್ ಹೊತ್ತಿಗೆ ಇದು ಶೇ. 11, ಮೂರನೆಯದಕ್ಕೆ 40. ಇನ್ನೂ ಒಂದೆರಡು ಮಕ್ಕಳು ಬೇಕೆನ್ನುವವರು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು, ಇದೇ ಕೊನೆಯದು ಅನ್ನುವವರಿಗೆ ಅಷ್ಟು ಭಾರವಲ್ಲ. ಕರ್ನಾಟಕದಲ್ಲಿ ಹೆರಿಗೆಗಳಲ್ಲಿ ಸಿಸೇರಿಯನ್ ಪಾಲು ನಾಲ್ಕನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 23.6 ಇದ್ದದ್ದು ಐದನೆಯದರಲ್ಲಿ 31.5ಕ್ಕೆ ಏರಿದೆ. ಈ ಪ್ರಶ್ನೆ ಕೇಳಬೇಕಾದ ಹೆಂಗಸರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಇರುತ್ತಾರೆ.

36ನೇ ವಾರದಲ್ಲಿ ಮತ್ತೊಮ್ಮೆ

ಈ ಹೊತ್ತಿಗೆ ಮಗುವಿನ ತಲೆ ಕೆಳಗಿದೆಯೇ, ಮಾಸು ಎಲ್ಲಿದೆ, ಅಂದಾಜು ತೂಕವೆಷ್ಟು ಎಂಬುದು ಸ್ಕ್ಯಾನಿಂಗಿನಲ್ಲಿ ಗೊತ್ತಾಗಿರುತ್ತದೆ. ತೂಕದ ಅಂದಾಜು ನಾಲ್ಕೈದು ನೂರು ಗ್ರಾಂ ಆಚೀಚೆ ಆಗುವುದುಂಟು, ಅದೊಂದನ್ನೇ ಹಿಡಿದು ನಿರ್ಧರಿಸಬೇಡಿ. ಕೆಲವೆಡೆ ಹಳೇ ಹೊಲಿಗೆಯ ದಪ್ಪವನ್ನೂ ಅಳೆದು ಮಿಲಿಮೀಟರಿನಲ್ಲಿ ಬರೆದುಕೊಡುತ್ತಾರೆ. ತೀರ ತೆಳುವಾಗಿದ್ದರೆ ಎಚ್ಚರ ಬೇಕು ನಿಜ, ಆದರೆ ಇಷ್ಟಿದ್ದರೆ ಸರಿ, ಇಷ್ಟಕ್ಕಿಂತ ಕಡಿಮೆಯಾದರೆ ತಪ್ಪು ಎಂಬ ಎಲ್ಲರೂ ಒಪ್ಪಿದ ಗೆರೆ ಇಲ್ಲ.

ಎರಡು ಹೆರಿಗೆಗಳ ನಡುವೆ ಒಂದೂವರೆ ವರ್ಷಕ್ಕಿಂತ ಕಡಿಮೆ ಅಂತರವಿದ್ದರೆ ಹೊಲಿಗೆಯ ಅಪಾಯ ಹೆಚ್ಚು ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ಇದನ್ನು ವೈದ್ಯರು ಕೇಳದಿದ್ದರೆ ನೀವೇ ಹೇಳಿ.

ಮತ್ತೆ ಈ ಮೂರು ಪ್ರಶ್ನೆ ಕೇಳಿ ಉತ್ತರವನ್ನು ಫೈಲಿನ ಮೇಲೆ ಬರೆಸಿಕೊಳ್ಳಿ. ದಿನ ದಾಟಿದರೂ ನೋವು ಬರದಿದ್ದರೆ ಏನು ಮಾಡುತ್ತೀರಿ? ನೋವು ಬರಿಸಿದರೆ ಹೊಲಿಗೆ ಬಿಡುವ ಅಪಾಯ ಎರಡು ಮೂರು ಪಟ್ಟು ಏರುತ್ತದೆ. ಮಿಸೊಪ್ರೊಸ್ಟಾಲ್ ಮಾತ್ರೆಯನ್ನಂತೂ ತಿಂಗಳು ತುಂಬಿದ ಸಿಸೇರಿಯನ್ ಹೊಟ್ಟೆಗೆ ಕೊಡಬಾರದು. ಬಲೂನ್ ಹಾಕಿ ಬಾಯಿ ತೆರೆಸುವುದು ಅದಕ್ಕಿಂತ ಸುರಕ್ಷಿತ. ಎರಡನೆಯದು, ನಾನು ಆಪರೇಷನ್ನೇ ಆರಿಸಿಕೊಂಡು 39 ವಾರಕ್ಕೆ ದಿನ ಗೊತ್ತಾದ ಮೇಲೆ ಅದಕ್ಕೆ ಮುಂಚೆಯೇ ನೋವು ಬಂದರೆ? ಮೂರನೆಯದು, ರಾತ್ರಿ ಎರಡು ಗಂಟೆಗೆ ನಿಮ್ಮಲ್ಲಿ ಅರಿವಳಿಕೆ ಡಾಕ್ಟರು ಇರುತ್ತಾರಾ, ಫೋನ್ ಮಾಡಿದರೆ ಬರುವವರಾ?

ಈ ಮೂರನೆಯ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ದೊಡ್ಡದು. 80 ಅಂಕಿ ಇದ್ದು ಆಪರೇಷನ್ ಥಿಯೇಟರ್ ಬೀಗ ಹಾಕಿರುವ ಆಸ್ಪತ್ರೆಗಿಂತ, 65 ಇದ್ದು ಥಿಯೇಟರ್, ರಕ್ತ, ಮಕ್ಕಳ ಡಾಕ್ಟರು, ಎದೆಬಡಿತ ಬಿಡದೆ ನೋಡುವ ಸಿಟಿಜಿ ಯಂತ್ರ ಎಲ್ಲವೂ ಸಿದ್ಧವಿರುವ ಜಾಗ ಮೇಲು. ತಂಗಿ ಮನೆ ಹತ್ತಿರದ, ಪರಿಚಯದ ನರ್ಸಿಂಗ್ ಹೋಮ್ ಬಿಟ್ಟು ಎಂಟು ಕಿಲೋಮೀಟರ್ ದೂರದ ದೊಡ್ಡ ಆಸ್ಪತ್ರೆಗೆ ಹೆಸರು ಬದಲಾಯಿಸಿದ್ದು ಇದೊಂದೇ ಕಾರಣಕ್ಕೆ. ಹಳ್ಳಿಯಲ್ಲಿರುವವರು ಕೊನೆಯ ಎರಡು ವಾರ ಅಂಥ ಆಸ್ಪತ್ರೆಯ ಊರಿನಲ್ಲೇ ನೆಂಟರ ಮನೆಯಲ್ಲಿರುವುದು ಒಳ್ಳೆಯದು. ನೋವಿನಲ್ಲಿ 108 ಹಿಡಿದು ಎರಡು ಗಂಟೆ ಬರುವ ಪ್ರಯಾಣಕ್ಕೆ ಈ ಹೆರಿಗೆ ಹೇಳಿಸಿದ್ದಲ್ಲ.

ನೋವು ಬಂದ ದಿನ

ಮನೆಯಲ್ಲೇ ಕಾದು ಕಾದು ಹೋಗುವುದು ಬೇಡ. ನೋವು ನಿಯಮಿತವಾಗುತ್ತಿದ್ದಂತೆ, ನೀರು ಹೋದರೆ, ರಕ್ತ ಕಂಡರೆ ಹೊರಡಿ. ಬಾಗಿಲಲ್ಲೇ "ಹಿಂದೆ ಸಿಸೇರಿಯನ್ ಆಗಿದೆ" ಎಂದು ಹೇಳಿ.

ಆಸ್ಪತ್ರೆ ಸೇರಿದಾಗ ಹಾಕುವ ಲೆಕ್ಕಗಳಲ್ಲಿ ಸುಲಭವಾದದ್ದು 1997ರಲ್ಲಿ ಬ್ರೂಸ್ ಫ್ಲ್ಯಾಮ್ ಮತ್ತು ಆನ್ ಗೈಗರ್ ಕೊಟ್ಟದ್ದು. ಬೆರಳಲ್ಲಿ ಎಣಿಸಬಹುದು. ವಯಸ್ಸು 40ರೊಳಗಿದ್ದರೆ 2. ಸಹಜ ಹೆರಿಗೆ ಸಿಸೇರಿಯನ್‌ಗೆ ಮುಂಚೆಯೂ ಆಮೇಲೂ ಆಗಿದ್ದರೆ 4, ಆಮೇಲೆ ಮಾತ್ರ ಆಗಿದ್ದರೆ 2, ಮುಂಚೆ ಮಾತ್ರವಾದರೆ 1. ಹಳೇ ಆಪರೇಷನ್ನಿಗೆ ಕಾರಣ "ಮುಂದುವರಿಯಲಿಲ್ಲ" ಎಂಬುದನ್ನು ಬಿಟ್ಟು ಬೇರೆಯಾಗಿದ್ದರೆ 1. ಗರ್ಭಕೋಶದ ಬಾಯಿ ಮುಕ್ಕಾಲಿಗಿಂತ ಹೆಚ್ಚು ತೆಳುವಾಗಿದ್ದರೆ 2, ಕಾಲಿನಿಂದ ಮುಕ್ಕಾಲರವರೆಗೆ ಆಗಿದ್ದರೆ 1. ನಾಲ್ಕು ಸೆಂಟಿಮೀಟರ್ ಅಥವಾ ಹೆಚ್ಚು ತೆರೆದಿದ್ದರೆ 1. ಒಟ್ಟು ಹತ್ತು. ಅವರ ದಾಖಲೆಯಲ್ಲಿ 0ಯಿಂದ 2 ಬಂದವರಲ್ಲಿ ಶೇ. 49 ಜನಕ್ಕೆ ಸಹಜ ಹೆರಿಗೆಯಾಗಿತ್ತು, 3 ಬಂದವರಲ್ಲಿ 60, 5 ಬಂದವರಲ್ಲಿ 77, 8 ಅಥವಾ ಹೆಚ್ಚು ಬಂದವರಲ್ಲಿ 95.

ತಂಗಿಯದು ಹಾಕಿ ನೋಡೋಣ. ವಯಸ್ಸು 31, ಎರಡು ಅಂಕ. ಹಿಂದೆ ಸಹಜ ಹೆರಿಗೆ ಇಲ್ಲ, ಸೊನ್ನೆ. ಕಾರಣ ಎನ್‌ಪಿಒಎಲ್, ಅದಕ್ಕೂ ಸೊನ್ನೆ (ಮೂರು ಸೆಂಟಿಮೀಟರಿನ ಕಥೆ ಈ ಲೆಕ್ಕಕ್ಕೆ ಗೊತ್ತಿಲ್ಲ). ಬೆಳಗಿನ ಜಾವ ಸೇರಿದಾಗ ಎರಡು ಸೆಂಟಿಮೀಟರ್, ಅರ್ಧ ತೆಳು: ಒಂದು ಅಂಕ. ಒಟ್ಟು 3, ಅಂದರೆ 60. ಹತ್ತು ಗಂಟೆಗೆ ಮತ್ತೆ ನೋಡಿದಾಗ ಐದು ಸೆಂಟಿಮೀಟರ್, ಮುಕ್ಕಾಲು ಮೀರಿ ತೆಳು. ಸೇರುವಾಗಲೇ ಹೀಗಿದ್ದಿದ್ದರೆ 5, ಅಂದರೆ 77. ಹೆಂಗಸು ಅವಳೇ, ಹೊಟ್ಟೆ ಅದೇ. ತಡವಾಗಿ ಬಂದರೆ ಅಂಕ ಹೆಚ್ಚು ಎಂದು ಇದರ ಅರ್ಥವಲ್ಲ. ಹೆರಿಗೆ ತಾನಾಗಿ ಮುಂದೆ ಹೋಗುತ್ತಿದೆ ಎಂಬ ಸುದ್ದಿಯೇ ಅಂಕವನ್ನು ಏರಿಸುತ್ತದೆ, ಆ ಸುದ್ದಿ ತಿಂಗಳ ಮುಂಚೆ ಯಾವ ಕ್ಯಾಲ್ಕುಲೇಟರಿಗೂ ಸಿಗುವುದಿಲ್ಲ.

ಜೊತೆಗಿರುವವರು ಗಮನಿಸಬೇಕಾದ್ದು: ನೋವು ಬಿಟ್ಟ ನಡುವೆಯೂ ಹೊಟ್ಟೆ ಬಿಡದೆ ನೋಯುವುದು, ಹಳೇ ಹೊಲಿಗೆಯ ಜಾಗದಲ್ಲಿ ಒಮ್ಮೆಲೇ ಚುಚ್ಚು ನೋವು, ರಕ್ತಸ್ರಾವ, ಮೂತ್ರದಲ್ಲಿ ರಕ್ತ, ಜೋರಾಗಿ ಬರುತ್ತಿದ್ದ ನೋವು ಇದ್ದಕ್ಕಿದ್ದಂತೆ ನಿಲ್ಲುವುದು, ತಲೆ ಸುತ್ತು. ಕೂಡಲೇ ಸಿಸ್ಟರನ್ನು ಕೂಗಿ. ಹೊಲಿಗೆ ಬಿಟ್ಟಾಗ ಹೆಚ್ಚಾಗಿ ಮೊದಲು ಕಾಣುವುದು ಮಗುವಿನ ಎದೆಬಡಿತದ ಏರುಪೇರು. ಆದ್ದರಿಂದ ಸಿಟಿಜಿ ಬೆಲ್ಟನ್ನು ಕಿರಿಕಿರಿ ಎಂದು ಬಿಚ್ಚಿಸಬೇಡಿ. ನೋವು ತಡೆಯುವ ಎಪಿಡ್ಯೂರಲ್ ಬೇಕಾದರೆ ತೆಗೆದುಕೊಳ್ಳಬಹುದು, ಹಳೇ ಸಿಸೇರಿಯನ್ ಅದಕ್ಕೆ ಅಡ್ಡಿಯಲ್ಲ.

ಹೇಗೇ ಆಗಲಿ, ಕಾಗದ ಕೇಳಿ

ತಂಗಿಗೆ ಎಂಟು ಸೆಂಟಿಮೀಟರ್ ಆಗುವ ತನಕ ಎಲ್ಲ ಸರಿಯಾಗಿತ್ತು. ಮಧ್ಯಾಹ್ನ ಎರಡರ ಹೊತ್ತಿಗೆ ಮಗುವಿನ ಎದೆಬಡಿತ ಕುಸಿದು, ಏರಿ, ಮತ್ತೆ ಕುಸಿಯಿತು. ಡಾಕ್ಟರು ಕಾಯಲಿಲ್ಲ. ಥಿಯೇಟರ್ ಅದೇ ಮಹಡಿಯಲ್ಲಿತ್ತು. ಹೆಣ್ಣು ಮಗು, ಎರಡು ಕೆಜಿ ಒಂಬೈನೂರು ಗ್ರಾಂ, ಹೊರಗೆ ಬಂದ ಕೂಡಲೇ ಅತ್ತಿತು. ಹಳೇ ಹೊಲಿಗೆ ಬಿಟ್ಟಿರಲಿಲ್ಲ, ಹೊಕ್ಕುಳಬಳ್ಳಿ ಕುತ್ತಿಗೆಗೆ ಬಿಗಿಯಾಗಿ ಸುತ್ತಿತ್ತು. 60ರ ಆಚೆಯ 40ರಲ್ಲಿ ಅವಳಿದ್ದಳು.

ಡಿಸ್ಚಾರ್ಜ್ ದಿನ ಬಿಲ್ ಕೌಂಟರಿನಲ್ಲಿ ನಿಂತು ಆಪರೇಷನ್ ನೋಟಿನ ಪ್ರತಿ ಕೇಳಿದೆ. "ಸಮ್ಮರಿ ಕೊಟ್ಟಿದೀವಲ್ಲ ಮೇಡಂ" ಎಂದರು, ಅರ್ಧ ಗಂಟೆ ಕಾಯಿಸಿ ಕೊಟ್ಟರು. ಕೆಳಭಾಗದ ಅಡ್ಡಕೊಯ್ತ, ಎರಡು ಪದರದ ಹೊಲಿಗೆ, ಹಳೇ ಗಾಯ ಗಟ್ಟಿ, ಕಾರಣ ಮಗುವಿನ ಎದೆಬಡಿತ, ಬಾಯಿ ಎಂಟು ಸೆಂಟಿಮೀಟರ್. ಬಾಣಂತನಕ್ಕೆ ಮತ್ತೆ ದಾವಣಗೆರೆಗೇ ಬಂದಳು, ಅಮ್ಮ ಫೈಲನ್ನು ಮತ್ತೆ ಸೀರೆಗಳ ಅಡಿ ಇಡಲು ಹೊರಟಿದ್ದಳು. ಇಟ್ಟುಕೊಳ್ಳಲಿ ಅಂದೆ. ಹಾಳೆ ಹಾಳೆಗೂ ಫೋಟೋ ತೆಗೆದು ತಂಗಿಯ ಫೋನಿಗೆ, ಅವಳ ಗಂಡನ ಫೋನಿಗೆ, ನನ್ನದಕ್ಕೆ ಕಳಿಸಿದ ಮೇಲೆ.